ಕ್ಷೇಮ ಸಮಾಚಾರದಿಂದ ನುಡಿನಮನದವರೆಗೆ: ಹಿರಿಯ ಸಹಪಾಠಿಗಳ ಸುದ್ದಿಹಾಳೆ ಮಾಡುವ ಬಗೆ

ಶಾಲೆ ಬಿಟ್ಟು ನಲವತ್ತೈವತ್ತು ವರ್ಷ ಕಳೆದ ಬ್ಯಾಚುಗಳಲ್ಲಿ ಒಂದು ವಿಚಿತ್ರವಿದೆ. ಯಾರಾದರೂ ತೀರಿಕೊಂಡರೆ ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಅವರು ಬದುಕಿದ್ದಾಗ ಏನು ಮಾಡಿಕೊಂಡಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ನುಡಿನಮನ ಬರೆಯಲು ಕೂತಾಗ ‘ಸರಳ ಸಜ್ಜನ, ಸದಾ ಹಸನ್ಮುಖಿ’ ಎಂಬಲ್ಲಿಗೆ ಲೇಖನಿ ನಿಂತುಬಿಡುತ್ತದೆ. ಕ್ಷೇಮ ಸಮಾಚಾರ, ಸ್ಮರಣೆ ಎರಡನ್ನೂ ಒಂದೇ ಕೆಲಸವೆಂದು ಹಿಡಿದರೆ ಈ ತೊಂದರೆ ಇರದು. ಇವತ್ತು ಸರಿಯಾಗಿ ಬರೆದಿಟ್ಟ ನೂರು ಪದಗಳ ಸಮಾಚಾರವೇ ಮುಂದೊಂದು ದಿನ ನುಡಿನಮನಕ್ಕೆ ಬಂಡವಾಳ.

ಕೆಲಸಕ್ಕೆ ಕನಿಷ್ಠ ಇಬ್ಬರು ಬೇಕು: ಒಬ್ಬರು ಮಾತಾಡಿಸುವವರು, ಇನ್ನೊಬ್ಬರು ಬರೆದು ತಾಳೆ ನೋಡುವವರು. ಎರಡೂ ಒಬ್ಬರ ಮೇಲೇ ಬಿದ್ದರೆ ಮೂರನೆಯ ಸಂಚಿಕೆಗೆ ಸುಸ್ತು ಹೊಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾನೇ ಬರೆದದ್ದರ ತಪ್ಪು ತನಗೇ ಕಾಣುವುದಿಲ್ಲ. ವರ್ಷಕ್ಕೆ ಎರಡು ಸಂಚಿಕೆ ಸಾಕು. ತಿಂಗಳಿಗೊಂದು ಎಂದು ಹೊರಟವು ಬೇಗ ನಿಲ್ಲುತ್ತವೆ. ವರ್ಷಕ್ಕೊಂದು ಎಂದರೆ ಈ ವಯಸ್ಸಿನಲ್ಲಿ ನಡುವೆ ತುಂಬಾ ಆಗಿಹೋಗಿರುತ್ತದೆ.

ಮೊದಲು ಪಟ್ಟಿ

ವಾಟ್ಸಾಪ್ ಗ್ರೂಪಿನ ಸದಸ್ಯರ ಪಟ್ಟಿಯನ್ನೇ ಬ್ಯಾಚಿನ ಪಟ್ಟಿ ಎಂದುಕೊಳ್ಳುವುದು ಎಲ್ಲರೂ ಮಾಡುವ ಮೊದಲ ತಪ್ಪು. ಗ್ರೂಪಿನಲ್ಲಿರುವವರು ಸ್ಮಾರ್ಟ್‌ಫೋನ್ ಇರುವವರು, ಯಾರೋ ಸೇರಿಸಿದವರು, ಬೇಸರವಾಗಿ ಇನ್ನೂ ಹೊರಹೋಗದವರು, ಇಷ್ಟೇ. ಪಟ್ಟಿ ಹುಟ್ಟಬೇಕಾದದ್ದು ಶಾಲೆಯ ದಾಖಲಾತಿ ರಿಜಿಸ್ಟರ್, ಹಾಜರಿ ಪುಸ್ತಕ ಮತ್ತು ಗ್ರೂಪ್ ಫೋಟೋದಿಂದ. ರಿಜಿಸ್ಟರ್ ನೋಡಲು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಿಭಾಗ, ಏತಕ್ಕೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ, ಹೆಸರು ಮತ್ತು ಸೇರಿದ ವರ್ಷ ಮಾತ್ರ ಸಾಕು ಎಂದು ಕೇಳಿ. ಜಾತಿ, ತಂದೆಯ ಆದಾಯ, ಅಂಕಗಳು ಆ ರಿಜಿಸ್ಟರಿನಲ್ಲಿ ಇದ್ದರೂ ನಿಮಗೆ ಬೇಡ.

ಒಬ್ಬರಿಗೆ ಒಂದು ಸಾಲಿನಂತೆ ಸ್ಪ್ರೆಡ್‌ಶೀಟ್ ಮಾಡಿ, ಅಥವಾ ಒಬ್ಬರಿಗೆ ಒಂದು ಕಾರ್ಡ್ ಇಡಿ. ಅದರಲ್ಲಿ ಇರಬೇಕಾದವು: ಶಾಲೆಯಲ್ಲಿದ್ದ ಹೆಸರು, ಈಗಿನ ಹೆಸರು, ಕರೆಯುತ್ತಿದ್ದ ಹೆಸರು, ವಿಭಾಗ, ಸೇರಿದ ಮತ್ತು ಬಿಟ್ಟ ವರ್ಷ, ಫೋನ್, ಅಂಚೆ ವಿಳಾಸ, ಮನೆಯವರೊಬ್ಬರ ಫೋನ್, ಯಾವ ದಾರಿಯಲ್ಲಿ ಮಾತಾಡಿಸಿದರೆ ಇಷ್ಟ, ಕೊನೆಯ ಸಲ ಮಾತಾಡಿದ ದಿನಾಂಕ, ಏನೇನು ಪ್ರಕಟಿಸಲು ಒಪ್ಪಿಗೆ ಇದೆ, ಮತ್ತು ಸ್ಥಿತಿ. ಮದುವೆಯಾದ ಮೇಲೆ ಹೆಸರು ಬದಲಾದ ಮಹಿಳೆಯರು, ಇನಿಶಿಯಲ್ ಬಿಟ್ಟವರು, ಅದನ್ನೇ ಬಿಡಿಸಿ ಉಪನಾಮ ಮಾಡಿಕೊಂಡವರು, ಇವರೇ ಹೆಚ್ಚಾಗಿ ಕಳೆದುಹೋಗುವುದು. ಆದ್ದರಿಂದ ಮೊದಲ ಮೂರು ಕಾಲಂ ಯಾವತ್ತೂ ಬೇರೆ ಬೇರೆ ಇರಲಿ. ನಡುವೆ ಟಿ.ಸಿ. ತೆಗೆದುಕೊಂಡು ಹೋದವರನ್ನು ಬಿಡಬೇಡಿ. ಏಳನೆಯ ತರಗತಿಗೇ ಬಿಟ್ಟುಹೋದವರಿಗೂ ಅದು ಅವರ ಶಾಲೆಯೇ.

‘ಸ್ಥಿತಿ’ ಕಾಲಮಿನಲ್ಲಿ ಐದು ಪದಗಳಷ್ಟೇ ಬರಲಿ: ಸಂಪರ್ಕದಲ್ಲಿದ್ದಾರೆ, ವಿಳಾಸವಿದೆ ಆದರೆ ಉತ್ತರವಿಲ್ಲ, ಪತ್ತೆಯಿಲ್ಲ, ತೀರಿಕೊಂಡರೆಂಬ ಮಾತಿದೆ, ತೀರಿಕೊಂಡದ್ದು ಖಚಿತ. ಕೊನೆಯ ಮೂರರ ನಡುವಿನ ಗೋಡೆ ಗಟ್ಟಿಯಾಗಿರಬೇಕು. ‘ಪತ್ತೆಯಿಲ್ಲ’ ಎಂದು ಬರೆದದ್ದು ಎರಡು ಸಂಚಿಕೆ ಕಳೆಯುವಷ್ಟರಲ್ಲಿ ಯಾರದೋ ಬಾಯಲ್ಲಿ ‘ಹೋಗಿಬಿಟ್ಟರಂತೆ’ ಆಗುತ್ತದೆ. ಬದುಕಿರುವವರ ಹೆಸರು ಸ್ಮರಣೆಯ ಪಟ್ಟಿಯಲ್ಲಿ ಅಚ್ಚಾಗುವುದು ಹೀಗೆಯೇ.

ಗ್ರೂಪ್ ಫೋಟೋದಿಂದ ಹೆಸರು ಎತ್ತುವಾಗ ಫೋಟೋದ ದೊಡ್ಡ ಪ್ರತಿ ತೆಗೆಸಿ, ಪ್ರತಿ ಮುಖದ ಮೇಲೂ ನಂಬರ್ ಹಾಕಿ. ಹಿಂದಿನ ಸಾಲಿನಿಂದ ಶುರುಮಾಡಿ, ನೋಡುವವರ ಎಡದಿಂದ ಬಲಕ್ಕೆ ಬನ್ನಿ. ಅದನ್ನು ಮೂವರಿಗೆ ಬೇರೆ ಬೇರೆಯಾಗಿ ತೋರಿಸಿ, ನಂಬರಿನ ಎದುರು ಹೆಸರು ಬರೆಸಿ. ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗುತ್ತದೆ. ಮೂವರಲ್ಲಿ ಇಬ್ಬರು ಒಂದೇ ಹೆಸರು ಹೇಳಿದರೆ ಪೆನ್ಸಿಲಿನಲ್ಲಿ ಬರೆಯಿರಿ. ಆ ವ್ಯಕ್ತಿಯೋ ಅವರ ಮನೆಯವರೋ ಒಪ್ಪಿದ ಮೇಲೆ ಪೆನ್ನಿನಲ್ಲಿ.

ಸಮಾಚಾರ ಸಂಗ್ರಹ: ಬರೆಸಬೇಡಿ, ಮಾತಾಡಿಸಿ

‘ನಿಮ್ಮ ಬಗ್ಗೆ ನೂರು ಪದ ಬರೆದು ಕಳಿಸಿ’ ಎಂಬ ಸುತ್ತೋಲೆಗೆ ಉತ್ತರ ಬರುವುದು ಬರೆಯುವ ರೂಢಿ ಇರುವವರಿಂದ ಮಾತ್ರ. ಮೇಷ್ಟ್ರುಗಳು, ವಕೀಲರು, ಬ್ಯಾಂಕಿನಲ್ಲಿದ್ದವರು ಬರೆಯುತ್ತಾರೆ. ಜಮೀನು ನೋಡಿಕೊಂಡವರು, ಅಂಗಡಿ ನಡೆಸಿದವರು, ಮನೆ ಸಂಭಾಳಿಸಿದವರು ಸುಮ್ಮನಿರುತ್ತಾರೆ, ಸುದ್ದಿಹಾಳೆ ಹುದ್ದೆಗಳ ಮೆರವಣಿಗೆಯಾಗುತ್ತದೆ. ಇದಕ್ಕೆ ಮದ್ದು ಫೋನ್.

ಒಂದು ವಾರ ಮೊದಲೇ ಸಂದೇಶ ಕಳಿಸಿ ಸಮಯ ಕೇಳಿ. ಬೆಳಗ್ಗೆ 10ರಿಂದ 12ರ ನಡುವೆ ಒಳ್ಳೆಯದು. ಸಂಜೆಯಾದಂತೆ ಆಯಾಸ ಹೆಚ್ಚು, ಮರೆವಿನ ತೊಂದರೆ ಇರುವವರಿಗೆ ಗೊಂದಲವೂ ಹೆಚ್ಚು. ಮಾತು 20ರಿಂದ 30 ನಿಮಿಷ ಮೀರದಿರಲಿ. ಶುರುವಿನಲ್ಲೇ ‘ನಾನು ಯಾರು ಹೇಳು ನೋಡೋಣ’ ಎಂಬ ಆಟ ಬೇಡವೇ ಬೇಡ. ನಿಮ್ಮ ಹೆಸರು, ವಿಭಾಗ, ಕೂರುತ್ತಿದ್ದ ಬೆಂಚು ನೀವೇ ಮೊದಲು ಹೇಳಿ. ನೆನಪು ಜಾರುತ್ತಿರುವವರಿಗೆ ಆ ಆಟ ಪರೀಕ್ಷೆಯಂತೆ ಭಯ ಹುಟ್ಟಿಸುತ್ತದೆ.

ಕಿವಿ ಮಂದವಾದವರ ಜತೆ ಕೂಗಿ ಪ್ರಯೋಜನವಿಲ್ಲ. ವಯಸ್ಸಿನ ಕಿವುಡುತನದಲ್ಲಿ ಮೊದಲು ಕ್ಷೀಣಿಸುವುದು ಎತ್ತರದ ಸ್ಥಾಯಿಯ ಧ್ವನಿಗಳು. ಸ, ಶ, ಫದಂಥ ಅಕ್ಷರಗಳು ತಪ್ಪಿಹೋಗುತ್ತವೆ, ಕೂಗಿದರೆ ದನಿ ಇನ್ನೂ ಏರಿ ಅದೇ ಜಾಗಕ್ಕೆ ಹೋಗುತ್ತದೆ. ದನಿ ತಗ್ಗಿಸಿ, ನಿಧಾನವಾಗಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಹೆಸರುಗಳನ್ನು ಮಾತ್ರ ಮಾತು ಮುಗಿದ ಮೇಲೆ ಬರೆದು ಕಳಿಸಿ ಖಚಿತ ಮಾಡಿಕೊಳ್ಳಿ.

ಏನು ಕೇಳಬೇಕು? ‘ಏನು ವಿಶೇಷ?’ ಎಂದರೆ ‘ಏನೂ ಇಲ್ಲ, ಹೀಗೇ ನಡೀತಿದೆ’ ಎಂಬುದೇ ಉತ್ತರ. ‘ಮಕ್ಕಳೆಲ್ಲಿದ್ದಾರೆ?’ ಎಂಬುದು ಸಹಜವಾಗಿ ಬಾಯಿಗೆ ಬರುವ ಪ್ರಶ್ನೆ, ಆದರೆ ಮೊದಲಿಗೆ ಅದು ಬೇಡ. ಮಕ್ಕಳಿಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಮಕ್ಕಳ ಜತೆ ಮಾತು ಬಿಟ್ಟವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಅವರೇ ಆ ಮಾತು ತೆಗೆದರೆ ಕೇಳಿಸಿಕೊಳ್ಳಿ. ಕೆಳಗಿನ ಪ್ರಶ್ನೆಗಳು ಸಾಮಾನ್ಯವಾಗಿ ಬಾಯಿ ಬಿಡಿಸುತ್ತವೆ:

- ಬೆಳಗ್ಗೆ ಎದ್ದ ಮೇಲೆ ಮಧ್ಯಾಹ್ನದವರೆಗೆ ನಿಮ್ಮ ದಿನ ಹೇಗೆ ಹೋಗುತ್ತದೆ?
- ಕೈಯಲ್ಲಿ ಮಾಡುವ ಕೆಲಸ ಯಾವುದಾದರೂ ಇದೆಯೇ?
- ಕೆಲಸದ ದಿನಗಳಲ್ಲಿ ಅತಿ ಹೆಚ್ಚು ವರ್ಷ ಇದ್ದ ಜಾಗ ಯಾವುದು? ಅಲ್ಲಿ ನಿಮ್ಮ ಮೇಜಿನ ಮೇಲೆ ಏನಿರುತ್ತಿತ್ತು?
- ಶಾಲೆಯಲ್ಲಿ ಕಲಿತದ್ದರಲ್ಲಿ ಈಗಲೂ ಉಪಯೋಗಕ್ಕೆ ಬರುವುದು ಯಾವುದು?
- ನಮ್ಮ ಪೈಕಿ ಯಾರ ಸುದ್ದಿ ತಿಳಿಯಬೇಕೆಂದಿದ್ದೀರಿ?

ಕೊನೆಯ ಪ್ರಶ್ನೆ ಯಾವತ್ತೂ ತಪ್ಪಿಸಬೇಡಿ. ಪತ್ತೆಯಿಲ್ಲದವರ ಜಾಡು ಹೆಚ್ಚಾಗಿ ಹೊರಡುವುದು ಅಲ್ಲಿಂದಲೇ. ಶಾಲೆಯ ದಿನಗಳ ಮಾತು ಬಂದಾಗ ಗಡಿಯಾರ ನೋಡಬೇಡಿ. ಹತ್ತರಿಂದ ಮೂವತ್ತರೊಳಗಿನ ವಯಸ್ಸಿನ ನೆನಪುಗಳು ಮುಪ್ಪಿನಲ್ಲಿ ಉಳಿದವಕ್ಕಿಂತ ಹೆಚ್ಚಾಗಿ ಮೇಲೇಳುವುದನ್ನು ಸ್ಮೃತಿಯ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಮುದುಕರು ಹಳೆಯದನ್ನು ಮೆಲುಕು ಹಾಕುವುದು ರೋಗಲಕ್ಷಣವಲ್ಲ, ಬದುಕಿನ ಲೆಕ್ಕ ನೋಡಿಕೊಳ್ಳುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ವಾದಿಸಿದ್ದರು. ಆದರೆ ನೆನಪಿನ ಚಿತ್ರ ಎಷ್ಟೇ ನಿಚ್ಚಳವಾಗಿದ್ದರೂ ಇಸವಿ ಮಾತ್ರ ಜಾರುತ್ತದೆ. 1958ರಲ್ಲಿ ಹುಟ್ಟಿದವರು 1968ರಲ್ಲಿ ಶಾಲೆ ಮುಗಿಸಿದರೆಂದು ಬಂದರೆ ಎರಡರಲ್ಲಿ ಒಂದು ತಪ್ಪು. ಇಂಥ ಕೂಡು ಕಳೆ ಲೆಕ್ಕವನ್ನು ಪ್ರತಿ ಬರಹಕ್ಕೂ ಮಾಡಿ.

ನೂರು ಪದಗಳಲ್ಲಿ ಒಬ್ಬರು

ಒಬ್ಬರಿಗೆ 80ರಿಂದ 120 ಪದ. ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ದೊಡ್ಡ ಅಧಿಕಾರಿಯಾಗಿದ್ದವರಿಗೆ ಅರ್ಧ ಪುಟ ಕೊಟ್ಟರೆ ಮುಂದಿನ ಸಲ ಉಳಿದವರು ಫೋನ್ ಎತ್ತುವುದಿಲ್ಲ.

‘ನಿವೃತ್ತಿಯಾಗಿ ಆರಾಮಾಗಿದ್ದಾರೆ, ಮೊಮ್ಮಕ್ಕಳೊಂದಿಗೆ ಸಮಯ ಕಳೆಯುತ್ತಾರೆ’ ಎಂಬ ಸಾಲು ಬ್ಯಾಚಿನ ಅರ್ಧಕ್ಕರ್ಧ ಜನರಿಗೆ ಹೊಂದುತ್ತದೆ. ಅಂದರೆ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಅದೇ ಮನುಷ್ಯನನ್ನು ಇನ್ನೆರಡು ಪ್ರಶ್ನೆ ಕೇಳಿದ್ದರೆ ಬರಹ ಹೀಗಾಗಬಹುದಿತ್ತು (ಮಾದರಿಗೆಂದು ಕಟ್ಟಿದ್ದು): ‘ಮೂವತ್ತೊಂದು ವರ್ಷ ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದು 2014ರಲ್ಲಿ ನಿವೃತ್ತರಾದರು. ಈಗ ಹಳೆಯ ಗೋಡೆ ಗಡಿಯಾರ ರಿಪೇರಿ ಮಾಡುತ್ತಾರೆ. ಮನೆಯಲ್ಲಿ ಹನ್ನೊಂದು ಗಡಿಯಾರಗಳಿವೆ, ಒಂದರ ಸಮಯವನ್ನು ಇನ್ನೊಂದು ಒಪ್ಪುವುದಿಲ್ಲ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಸ್ಕ್ರೂ ಮತ್ತೆ ಕಾಣುತ್ತಿದೆಯಂತೆ. ಎಂಟನೆಯ ತರಗತಿಯಲ್ಲಿ ತಮ್ಮ ಕೈವಾರ ತೆಗೆದುಕೊಂಡವರು ಇನ್ನಾದರೂ ವಾಪಸ್ ಕೊಡಲಿ ಎನ್ನುತ್ತಾರೆ.’

ಬರೆದದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ, ಒಪ್ಪಿದ ದಿನಾಂಕವನ್ನು ಕಾರ್ಡಿನಲ್ಲಿ ಬರೆಯಿರಿ. ಕಾಯಿಲೆಯ ವಿಷಯ ಅವರು ‘ಹಾಕಿ’ ಎಂದರೆ ಮಾತ್ರ ಹಾಕುವುದು. ಮರೆವಿನ ಕಾಯಿಲೆ ಇರುವವರ ಬಗ್ಗೆ ಬರೆಯುವಾಗ ಮನೆಯವರ ಒಪ್ಪಿಗೆಯೂ ಬೇಕು.

ಅಚ್ಚಿನಲ್ಲಿ ಬರಲೇಬಾರದ ಕೆಲವಿವೆ: ಪೂರ್ತಿ ಜನ್ಮದಿನಾಂಕ, ಮನೆ ವಿಳಾಸ, ಒಬ್ಬರೇ ಇರುತ್ತಾರೆ ಎಂಬ ಮಾತು, ಪ್ರವಾಸ ಹೊರಡುವ ದಿನ, ಮೊಮ್ಮಕ್ಕಳ ಶಾಲೆಯ ಹೆಸರು. ಸುದ್ದಿಹಾಳೆಯ ಪಿಡಿಎಫ್ ಒಮ್ಮೆ ಹೊರಬಿದ್ದರೆ ಎಲ್ಲಿಗೆ ಹೋಯಿತೆಂದು ಹೇಳಲಾಗದು. ‘ನಿಮ್ಮ ಸಹಪಾಠಿ ಆಸ್ಪತ್ರೆಯಲ್ಲಿದ್ದಾರೆ, ತುರ್ತಾಗಿ ಹಣ ಕಳಿಸಿ’ ಎಂದು ಬಲೆ ಬೀಸುವವರಿಗೆ ಬೇಕಾದ ಹೆಸರು, ಅಡ್ಡಹೆಸರು, ಗೆಳೆತನದ ವಿವರ ಎಲ್ಲ ಅದರಲ್ಲಿರುತ್ತದೆ. ಫೋನ್ ನಂಬರುಗಳ ಪಟ್ಟಿ ಬೇರೆಯೇ ಇರಲಿ, ಕೇಳಿದವರಿಗೆ ಒಂದೊಂದೇ ನಂಬರ್ ಕೊಡಿ, ಅದೂ ಆ ಕಡೆಯವರನ್ನು ಕೇಳಿ.

ಸಾವಿನ ಸುದ್ದಿ ಬಂದಾಗ

ಇಲ್ಲಿ ಅವಸರಕ್ಕೆ ಜಾಗವೇ ಇಲ್ಲ. ಸುದ್ದಿ ಬಂದೊಡನೆ ಮೊದಲ ಕೆಲಸ, ಏನನ್ನೂ ಹಂಚದಿರುವುದು.

ಎರಡು ಬೇರೆ ಬೇರೆ ಮೂಲಗಳಿಂದ ಖಚಿತವಾಗಬೇಕು. ಅದರಲ್ಲೊಂದು ಕುಟುಂಬದವರೇ ಆಗಿರಬೇಕು, ಇಲ್ಲವೇ ಕುಟುಂಬ ಕೊಟ್ಟ ಪತ್ರಿಕಾ ಪ್ರಕಟಣೆ. ಐದು ಜನ ಅದೇ ಸಂದೇಶವನ್ನು ಫಾರ್ವರ್ಡ್ ಮಾಡಿದರೆ ಅದು ಐದು ಮೂಲವಲ್ಲ, ಒಂದೇ. ಆಮೇಲೆ ಹೆಸರು, ಇನಿಶಿಯಲ್, ವಯಸ್ಸು, ವಿಭಾಗ ಇವನ್ನು ಕಾರ್ಡಿನ ಜತೆ ತಾಳೆ ಹಾಕಿ. ಒಂದೇ ಹೆಸರಿನ ಇಬ್ಬರು ಬೇರೆ ವಿಭಾಗದಲ್ಲಿರುವುದು ತೀರಾ ಸಾಮಾನ್ಯ. ತಪ್ಪು ಸುದ್ದಿಗೆ ಮುಖ್ಯ ಕಾರಣವೂ ಅದೇ. ಇನ್ನೊಂದು ಕಾರಣ, ಗಂಡನದೋ ಅಣ್ಣನದೋ ಸಾವು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಸಹಪಾಠಿಯದೇ ಆಗಿಬಿಡುವುದು.

ಕುಟುಂಬಕ್ಕೆ ಫೋನ್ ಮಾಡುವವರು ಒಬ್ಬರೇ ಇರಲಿ, ಮನೆಯವರ ಪರಿಚಯ ಇದ್ದವರಾದರೆ ಇನ್ನೂ ಒಳ್ಳೆಯದು. ಮೂರೇ ವಿಷಯ ಕೇಳಬೇಕು: ಸುದ್ದಿಯನ್ನು ಸಹಪಾಠಿಗಳಿಗೆ ತಿಳಿಸಬಹುದೇ, ದಿನಾಂಕ ಯಾವುದು, ಈಗ ಫೋನ್ ಮಾಡಬಹುದೇ ಅಥವಾ ಸಂದೇಶ ಸಾಕೇ. ಕಾರಣ ಕೇಳುವುದು ಬೇಡ. ಅವರೇ ಹೇಳಿದರೂ ‘ಇದನ್ನು ಹಂಚಿಕೊಳ್ಳಬೇಡಿ’ ಎನ್ನುತ್ತಾರೋ ಗಮನಿಸಿ. ಆತ್ಮಹತ್ಯೆಯಾದರೆ ವಿಧಾನ, ಜಾಗ, ಊಹೆ ಯಾವುದೂ ಎಲ್ಲೂ ಬರಬಾರದು.

ಪ್ರಕಟಣೆ ನಾಲ್ಕೇ ಸಾಲು. ಯಾರು (ಶಾಲೆಯ ಹೆಸರು, ಈಗಿನ ಹೆಸರು, ವಿಭಾಗ), ಯಾವ ದಿನ. ವಿಷಯ ತಿಳಿಸಿದ್ದು ಕುಟುಂಬದ ಯಾರು. ಸಂತಾಪವನ್ನು ಹೇಗೆ ತಿಳಿಸಬೇಕೆಂದು ಅವರು ಬಯಸಿದ್ದಾರೆ. ಶಾಲೆಯ ದಿನಗಳ ನೆನಪಿದ್ದರೆ ಯಾರಿಗೆ ಕಳಿಸಬೇಕು. ‘ದೈವಾಧೀನರಾದರು’, ‘ಸ್ವರ್ಗಸ್ಥರಾದರು’ ಎಂಬ ಪದಗಳು ಎಲ್ಲರ ನಂಬಿಕೆಗೂ ಹೊಂದುವುದಿಲ್ಲ. ಕುಟುಂಬದವರು ಬೇರೆ ಪದ ಹೇಳದಿದ್ದರೆ ‘ನಿಧನರಾದರು’ ಅಥವಾ ‘ತೀರಿಕೊಂಡರು’ ಎಂಬುದೇ ಸರಿ. ಗ್ರೂಪಿನಲ್ಲಿ ಆ ದಿನ ಹುಟ್ಟುಹಬ್ಬದ ಶುಭಾಶಯ, ಜೋಕು ಬಾರದಂತೆ ಅಡ್ಮಿನ್ ನೋಡಿಕೊಳ್ಳಲಿ. ಸಂದೇಶ ಕಳಿಸುವುದನ್ನು ಒಂದು ದಿನ ಅಡ್ಮಿನ್‌ಗಳಿಗಷ್ಟೇ ಸೀಮಿತಗೊಳಿಸುವ ಸೆಟ್ಟಿಂಗ್ ಇದೆ. ಬ್ರಾಡ್‌ಕಾಸ್ಟ್ ಪಟ್ಟಿಯನ್ನು ನಂಬಿ ಕೂರಬೇಡಿ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಆ ಸಂದೇಶ ತಲುಪುವುದೇ ಇಲ್ಲ. ಫೋನಿನಲ್ಲಿ ಇಂಥದ್ದನ್ನು ಓದಬಾರದ ಆಪ್ತ ಗೆಳೆಯರಿಗೆ, ಒಂಟಿಯಾಗಿರುವವರಿಗೆ ಮೊದಲೇ ಯಾರಾದರೂ ಕರೆ ಮಾಡಲಿ.

ಸುದ್ದಿ ತಪ್ಪಾಗಿ ಹೋಗಿಬಿಟ್ಟರೆ? ಅಳಿಸಿ ಸುಮ್ಮನಾಗುವುದು ಇನ್ನೂ ದೊಡ್ಡ ತಪ್ಪು, ನೋಡಿದವರು ಆಗಲೇ ನೋಡಿದ್ದಾರೆ. ಮೂಲ ಸುದ್ದಿ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಅಷ್ಟೇ ಸ್ಪಷ್ಟವಾಗಿ ತಿದ್ದುಪಡಿ ಹಾಕಿ, ಸಂಬಂಧಪಟ್ಟವರಿಗೆ ಸ್ವತಃ ಕರೆ ಮಾಡಿ ಕ್ಷಮೆ ಕೇಳಿ. ತಮಾಷೆಯಾಗಿ ತೇಲಿಸುವುದು ಅವರಿಗೆ ಬಿಟ್ಟದ್ದು, ನಿಮಗಲ್ಲ.

ನುಡಿನಮನ

ಮೊದಲ ಎರಡು ಮೂರು ವಾರಗಳಲ್ಲೇ ನೆನಪುಗಳನ್ನು ಸಂಗ್ರಹಿಸಬೇಕು. ಗ್ರೂಪಿನಲ್ಲಿ ಸಾಲುಗಟ್ಟಿದ ಕೈಮುಗಿದ ಚಿತ್ರಗಳಿಂದ ಏನೂ ಸಿಗದು. ನೇರವಾಗಿ ಮೂವರನ್ನು ಆರಿಸಿಕೊಳ್ಳಿ: ಶಾಲೆಯಲ್ಲಿ ಪಕ್ಕ ಕೂತವರು, ಕೆಲಸದ ದಿನಗಳಲ್ಲಿ ಕಂಡವರು, ಕೊನೆಯ ವರ್ಷಗಳಲ್ಲಿ ಒಡನಾಡಿದವರು. ಮೂವರಲ್ಲಿ ಒಬ್ಬರು ಅತ್ಯಾಪ್ತರಲ್ಲದಿದ್ದರೆ ಲಾಭ, ಅವರು ಗುಣಗಾನಕ್ಕಿಂತ ಕಂಡದ್ದನ್ನು ಹೇಳುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ: ‘ಅವರು ಏನು ಮಾಡುತ್ತಿದ್ದುದು ನಿಮ್ಮ ಕಣ್ಣ ಮುಂದೆ ಬರುತ್ತದೆ?’ ‘ಹೇಗಿದ್ದರು’ ಎಂದು ಕೇಳಿದರೆ ವಿಶೇಷಣ ಬರುತ್ತದೆ, ‘ಏನು ಮಾಡುತ್ತಿದ್ದರು’ ಎಂದರೆ ಮನುಷ್ಯ ಬರುತ್ತಾನೆ.

ಜತೆಗೆ ಅವರದೇ ಹಳೆಯ ಕ್ಷೇಮ ಸಮಾಚಾರಗಳನ್ನು ಮೇಜಿನ ಮೇಲಿಡಿ. ನಾಲ್ಕು ಸಂಚಿಕೆಯಲ್ಲಿ ನೂರು ನೂರು ಪದ ಬಂದಿದ್ದರೆ ಅವರ ಸ್ವಂತ ಮಾತೇ ಕೈಯಲ್ಲಿದೆ, ಬೇರೆಯವರ ನೆನಪನ್ನು ಅದರ ಜತೆ ಹೊಲಿದರೆ ಸಾಕು.

250ರಿಂದ 350 ಪದ ಸಾಕು. ಮೊದಲ ವಾಕ್ಯದಲ್ಲಿ ಪೂರ್ತಿ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ. ಶಾಲೆಯ ದಾಖಲೆಯ ಜನ್ಮವರ್ಷ ಯಾವಾಗಲೂ ನಿಜವಾದದ್ದಲ್ಲ, ಮನೆಯವರು ಹೇಳಿದ್ದನ್ನೇ ಹಿಡಿಯಿರಿ. ಆಮೇಲೆ ಶಾಲೆಯ ಒಂದು ದೃಶ್ಯ, ದುಡಿದ ಕೆಲಸ, ಅವರಿಗೆ ಇಷ್ಟವಿದ್ದದ್ದು, ಕೊನೆಗೆ ಮನೆಯವರು. ಮನೆಯವರ ಪಟ್ಟಿಯಲ್ಲಿ ಯಾರನ್ನು ಸೇರಿಸಬೇಕು, ಯಾವ ಕ್ರಮದಲ್ಲಿ ಎಂಬುದನ್ನು ನೀವು ತೀರ್ಮಾನಿಸಬೇಡಿ, ಅವರಿಂದಲೇ ಬರೆಸಿಕೊಳ್ಳಿ. ಎರಡನೆಯ ಮದುವೆ, ದೂರವಾದ ಮಗ, ಬಿಟ್ಟುಹೋದ ಹೆಸರು ಇವೆಲ್ಲ ಆ ಒಂದು ಸಾಲಿನಲ್ಲಿ ಕಾದಿರುತ್ತವೆ.

ಏಕವಚನ ಬಹುವಚನದ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಗೆಳೆಯರು ಮಾತಿನಲ್ಲಿ ‘ಅವನು, ಅವಳು’ ಎನ್ನುತ್ತಾರೆ, ಅದರಲ್ಲೇ ಪ್ರೀತಿಯಿದೆ. ಆದರೆ ಓದುವ ಮೊಮ್ಮಕ್ಕಳಿಗೆ, ಸೊಸೆಗೆ, ಅಳಿಯನಿಗೆ ಅಚ್ಚಿನಲ್ಲಿ ಅದು ಚುಚ್ಚಬಹುದು. ಸಂಪಾದಕರ ಮಾತು ಬಹುವಚನದಲ್ಲಿರಲಿ, ಉದ್ಧರಣೆಯೊಳಗೆ ಗೆಳೆಯರ ಏಕವಚನ ಹಾಗೇ ಉಳಿಯಲಿ. ಅಡ್ಡಹೆಸರನ್ನು ಮಾತ್ರ ಮನೆಯವರನ್ನು ಕೇಳದೆ ಹಾಕಬೇಡಿ. ತರಗತಿಯಲ್ಲಿ ಎಲ್ಲರೂ ನಕ್ಕ ಹೆಸರಿಗೆ ಆ ಒಬ್ಬರು ನಕ್ಕಿರದೇ ಇರಬಹುದು.

ವರ್ಷಗಳ ಹಿಂದೆಯೇ ತೀರಿಕೊಂಡು ಈಗ ತಿಳಿದುಬಂದವರೂ ಇರುತ್ತಾರೆ. ಅವರಿಗೆ ಹೆಸರು, ವರ್ಷ, ಯಾರಾದರೂ ಹೇಳಿದ ಒಂದು ವಾಕ್ಯ ಸಾಕು. ಏನೂ ಸಿಗದಿದ್ದರೆ ಹೆಸರು ಮಾತ್ರ. ಜಾಗ ತುಂಬಿಸಲು ಹೊಗಳಿಕೆ ಹುಟ್ಟಿಸಬೇಡಿ.

ಫೋಟೋ, ಅಕ್ಷರ, ಅಚ್ಚು

ಹಳೆಯ ಫೋಟೋಗಳನ್ನು ಅಂಚು ಹಿಡಿದು, ಒಣಗಿದ ಶುಚಿಯಾದ ಕೈಯಲ್ಲಿ ಮುಟ್ಟಿ. ಸ್ಕ್ಯಾನ್ ಮಾಡುವಾಗ ಪೋಸ್ಟ್‌ಕಾರ್ಡ್ ಅಳತೆಯದಕ್ಕೆ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಸಾಲಬಹುದು. ಪಾಸ್‌ಪೋರ್ಟ್ ಅಳತೆಯದಕ್ಕೆ, ಮುಖಗಳು ಸಣ್ಣದಾಗಿರುವ ಗ್ರೂಪ್ ಫೋಟೋಕ್ಕೆ 600 ಬೇಕು. ಮೂಲಪ್ರತಿ ಗುಣಮಟ್ಟ ಕುಗ್ಗದ ಟಿಫ್ ಕಡತವಾಗಿ ಉಳಿಯಲಿ, ಹಂಚಲು ಚಿಕ್ಕದಾದ ಜೆಪೆಗ್ ಕಡತ. ಕಪ್ಪುಬಿಳುಪು ಚಿತ್ರವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿದರೆ ಕಲೆ ತೆಗೆಯುವುದು ಸುಲಭ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಅಂಟು ಹಾಳೆಯ ಆಲ್ಬಮ್ಮಿಗೆ ಹಿಡಿದುಕೊಂಡ ಫೋಟೋ ಕೀಳಬೇಡಿ, ಪುಟವನ್ನೇ ಸ್ಕ್ಯಾನ್ ಮಾಡಿ. ಬಾಲ್‌ಪೆನ್ನಿನಲ್ಲಿ ಹಿಂಬದಿ ಬರೆದರೆ ಒತ್ತು ಮುಂದೆ ಮೂಡುತ್ತದೆ; ಮೆತ್ತನೆಯ ಪೆನ್ಸಿಲ್ ಬಳಸಿ.

ಕನ್ನಡದಲ್ಲಿ ಒಂದು ತಲೆನೋವು ಖಾತ್ರಿ: ಕೆಲವರು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ಕೆಲವರು ಮೊಬೈಲಿನ ಯೂನಿಕೋಡಿನಲ್ಲಿ. ಎಲ್ಲವನ್ನೂ ಮೊದಲೇ ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ಪರಿವರ್ತನೆಯಲ್ಲಿ ಹೆಚ್ಚಾಗಿ ಕೆಡುವುದು ಅವೇ.

ಅಕ್ಷರ 14 ಪಾಯಿಂಟಿಗಿಂತ ಚಿಕ್ಕದು ಬೇಡ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಒಂದೂವರೆ ಇರಲಿ. ಹೊಳಪಿನ ಕಾಗದ ದೀಪದ ಬೆಳಕಿಗೆ ಕಣ್ಣು ಕೋರೈಸುತ್ತದೆ, ಮ್ಯಾಟ್ ಕಾಗದ ಕೇಳಿ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದರೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು: 16, 20, 24. ಲೆಕ್ಕ ತಪ್ಪಿ ಕೊನೆಗೆ ಖಾಲಿ ಪುಟ ಉಳಿದರೆ ಪತ್ತೆಯಿಲ್ಲದವರ ಹೆಸರುಗಳನ್ನು ಅಲ್ಲಿ ಹಾಕಿ. ಫೋನಿಗೆ ಕಳಿಸುವ ಪ್ರತಿ ಒಂದೇ ಕಾಲಮ್ಮಿನ ಎ5 ಅಳತೆಯಲ್ಲಿರಲಿ, ಎರಡು ಕಾಲಮ್ಮಿನ ಎ4 ಪುಟವನ್ನು ಫೋನಿನಲ್ಲಿ ಎಳೆದಾಡಿ ಓದುವುದು ಯುವಕರಿಗೂ ಕಷ್ಟ. ಕಣ್ಣು ಮಂಜಾದವರಿಗೆ ಯಾರಾದರೂ ಓದಿ ರೆಕಾರ್ಡ್ ಮಾಡಿದರೆ ಅದೇ ಮೂರನೆಯ ಪ್ರತಿ.

ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಾರ್ಡ್ ಹಿಡಿದು ಕೇಳಬೇಕು. ಹೆಸರು ಮತ್ತು ಇಸವಿಗಳಿಗೇ ಒಂದು ಪ್ರತ್ಯೇಕ ಓದು. ಇಡೀ ಕೆಲಸಕ್ಕೆ ಎಂಟು ವಾರ ಹಿಡಿಯಿರಿ: ನಾಲ್ಕು ವಾರ ಫೋನ್, ಎರಡು ವಾರ ಬರವಣಿಗೆ ಮತ್ತು ಒಪ್ಪಿಗೆ, ಒಂದು ವಾರ ಪುಟ ಜೋಡಣೆ, ಒಂದು ವಾರ ತಿದ್ದುಪಡಿ. ಅಚ್ಚಿಗೆ ಹೋಗುವ ಹಿಂದಿನ ದಿನ ಹೆಸರು ಬಂದಿರುವ ಹಿರಿಯರ ಮನೆಗಳಿಗೆ ಇನ್ನೊಮ್ಮೆ ಕರೆ ಮಾಡಿ. ‘ಬೆಳಗ್ಗೆ ವಾಕಿಂಗ್ ಹೋಗುತ್ತಾರೆ’ ಎಂಬ ಸಾಲು ಮನೆ ತಲುಪುವಷ್ಟರಲ್ಲಿ ಅವರು ಇಲ್ಲದಿದ್ದರೆ ಮನೆಯವರಿಗೆ ಅದನ್ನು ಓದುವುದು ಕಷ್ಟ.

ಕಡತಗಳ ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಮನೆಯಲ್ಲಿ. ಅಚ್ಚಾದ ಎರಡು ಪ್ರತಿ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಪಾಸ್‌ವರ್ಡ್, ಕಾರ್ಡುಗಳು, ಒಪ್ಪಿಗೆಯ ದಾಖಲೆ ಎಲ್ಲಿವೆ ಎಂಬುದು ಇಬ್ಬರಿಗೂ ಗೊತ್ತಿರಬೇಕು. ಪಟ್ಟಿ ಮಾಡುವವರ ಸ್ವಂತ ಕಾರ್ಡು ಹೆಚ್ಚಾಗಿ ಖಾಲಿಯೇ ಇರುತ್ತದೆ. ಅದನ್ನು ಇನ್ನೊಬ್ಬರು ಫೋನ್ ಮಾಡಿ, ಅವೇ ಪ್ರಶ್ನೆ ಕೇಳಿ ತುಂಬಿಸಲಿ.